ಕೈಲಾದಷ್ಟು ಮಾಡು ಎಂದರೆ ಎಷ್ಟು ಮಾಡಬೇಕು?

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಕಂಚಿನ ಪದಕ ಗೆದ್ದ ರೊಮೇನಿಯಾದ ಓಟಗಾರ್ತಿಯ ಸಮಯ 55.41. ಆ ಓಟದ ಮಾತು ಬಂದಾಗಲೆಲ್ಲ ನಾವು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕೈತಪ್ಪಿದ ಪದಕವನ್ನೇ ನೆನೆದು ಮರುಗುತ್ತೇವೆ. ಆದರೆ ಆಕೆ ಅಂದು ಸ್ಥಾಪಿಸಿದ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಲು ವಿದ್ಯಾ ರಾಮರಾಜ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಓಡುವವರೆಗೆ 39 ವರ್ಷ ಬೇಕಾದವು. ತನ್ನ ಪೂರ್ಣ ಶಕ್ತಿಯಿಂದ ಓಡಿದವಳನ್ನು ನಾವು ಇಷ್ಟು ವರ್ಷ ಸೋತವಳೆಂಬಂತೆ ಸಂತೈಸುತ್ತ ಬಂದಿದ್ದೇವಲ್ಲ, ಅದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಆಕೆಯ ಓಟ ಆಕೆಯ ಕೈಯಲ್ಲಿತ್ತು. ಪಕ್ಕದ ಸಾಲಿನವರು ಎಷ್ಟು ವೇಗವಾಗಿ ಓಡುತ್ತಾರೆ ಎಂಬುದು ಆಕೆಯ ಕೈಯಲ್ಲಿರಲಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬ್ ಬೀಮನ್ ಉದ್ದಜಿಗಿತದಲ್ಲಿ 8.90 ಮೀಟರ್ ಜಿಗಿದು, ಹಿಂದಿನ ವಿಶ್ವದಾಖಲೆಯನ್ನು ಒಂದೇ ನೆಗೆತದಲ್ಲಿ 55 ಸೆಂಟಿಮೀಟರ್ ಮುಂದಕ್ಕೆ ಒಯ್ದರು. ಆ ವಿಶ್ವದಾಖಲೆ 1991ರವರೆಗೆ ಉಳಿಯಿತು, ಆದರೆ ಸ್ವತಃ ಬೀಮನ್ ಮುಂದೆಂದೂ ಅದರ ಹತ್ತಿರ ಸುಳಿಯಲಿಲ್ಲ. ಹಾಗೆಂದು ಆಮೇಲಿನ ಅವರ ಎಲ್ಲ ನೆಗೆತಗಳನ್ನೂ ಕೊರತೆಯ ನೆಗೆತಗಳೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಎತ್ತರದ ಊರಿನ ತೆಳುಗಾಳಿ, ಬೆನ್ನಿಗಿದ್ದ ಗಾಳಿ, ದೇಹ, ಮನಸ್ಸು, ಹಲಗೆಯ ಮೇಲೆ ಬಿದ್ದ ಹೆಜ್ಜೆ ಎಲ್ಲವೂ ಆ ಒಂದು ಕ್ಷಣದಲ್ಲಿ ಕೂಡಿಬಂದವು. ಅಂಥ ಕ್ಷಣವನ್ನು ಕರೆದು ತರಲು ಯಾರಿಂದಲೂ ಆಗದು.

ನಾನು ಗಣಿತ ಕಲಿಸುವ ವೃತ್ತಿಗೆ ಬಂದು 22 ವರ್ಷಗಳಾದವು. ಈ ಪ್ರಶ್ನೆ ನನಗೆ ಆಟದ ಮೈದಾನಕ್ಕಿಂತ ಹೆಚ್ಚಾಗಿ ಕಪ್ಪು ಹಲಗೆಯ ಮುಂದೆ ಎದುರಾಗಿದೆ. ಒಮ್ಮೆ ಎರಡರ ವರ್ಗಮೂಲ ಅಭಾಗಲಬ್ಧ ಸಂಖ್ಯೆಯೆಂದು, ಅಂದರೆ ಎರಡು ಪೂರ್ಣಸಂಖ್ಯೆಗಳ ಭಿನ್ನರಾಶಿಯಾಗಿ ಬರೆಯಲಾಗದ್ದೆಂದು, ಸಾಧಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಒಂದು ಪೂರ್ಣಸಂಖ್ಯೆಯ ವರ್ಗ ಸಮಸಂಖ್ಯೆಯಾದರೆ ಆ ಸಂಖ್ಯೆಯೂ ಸಮವೇ ಆಗಿರಬೇಕೆಂದು ಹೇಗೆ ಹೇಳುತ್ತೀರಿ ಎಂದು ಕೇಳಿದಳು. ಸಾವಿರ ಸಲ ದಾಟಿಹೋದ ಮೆಟ್ಟಿಲು ಅದು. ಅವಳ ಸಂಶಯದ ಬೆನ್ನು ಹತ್ತಿ ನಾವೆಲ್ಲರೂ ಬೆಸಸಂಖ್ಯೆಗಳ ವರ್ಗಗಳನ್ನು ಬಿಡಿಸಿ ನೋಡುತ್ತ ಹೋದೆವು. ಗಂಟೆ ಬಾರಿಸಿದ್ದು ಯಾರಿಗೂ ಕೇಳಿಸಲಿಲ್ಲ. ಕೆಲವೇ ವಾರಗಳ ನಂತರ ಹಿರಿಯರಿಬ್ಬರು ನನ್ನ ಬೋಧನೆಯನ್ನು ಪರಿಶೀಲಿಸಲು ಬಂದು ಕುಳಿತರು. ಬೇರೆ ವಿಭಾಗದ ಮಕ್ಕಳು, ಅದೇ ಪಾಠ, ಮೂರು ಪಟ್ಟು ತಯಾರಿ. ನನ್ನ ಧ್ವನಿ ನನಗೇ ಕೇಳಿಸತೊಡಗಿತು, ಹಲಗೆಯ ಮೇಲೆ ನನ್ನ ಅಕ್ಷರ ಹೇಗೆ ಕಾಣುತ್ತಿದೆ ಎಂಬ ಚಿಂತೆ ಹತ್ತಿತು, ಸಾಧನೆಯ ನಡುವೆ ಮುಂದಿನ ಹಂತ ಮರೆತು ನಿಂತುಬಿಟ್ಟೆ. ಎರಡು ದಿನವೂ ನನ್ನ ತಿಳಿವಳಿಕೆ ಒಂದೇ ಆಗಿತ್ತು. ಎರಡನೆಯ ದಿನ ಚೆನ್ನಾಗಿ ಮಾಡಬೇಕೆಂಬ ಹಂಬಲವಂತೂ ಹೆಚ್ಚೇ ಇತ್ತು.

ಆ ಹಂಬಲವೇ ಅಡ್ಡ ಬಂದಿತೆಂದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು. ಮನೋವಿಜ್ಞಾನಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಫುಟ್‌ಬಾಲ್ ಆಟಗಾರರು ಚೆಂಡನ್ನು ಸಾಲಾಗಿಟ್ಟ ಗುರುತುಗಳ ನಡುವೆ ಕೊಂಡೊಯ್ಯಬೇಕಿತ್ತು. ಪಾದದ ಯಾವ ಬದಿ ಚೆಂಡನ್ನು ಮುಟ್ಟುತ್ತಿದೆ ಎಂಬುದನ್ನು ಗಮನಿಸುತ್ತಲೇ ಆಡಿ ಎಂದಾಗ, ಬೇರೆ ಕಡೆ ಗಮನವಿಟ್ಟು ಆಡಿದ್ದಕ್ಕಿಂತ ನುರಿತವರ ವೇಗ ತಗ್ಗಿತು, ಹೊಸಬರ ಆಟ ಮಾತ್ರ ಸುಧಾರಿಸಿತು. ಅದೇ ನುರಿತವರು ತಮಗೆ ಅಷ್ಟಾಗಿ ಪಳಗದ ಎಡಪಾದದಲ್ಲಿ ಆಡಿದಾಗ ಅವರಿಗೂ ಆ ಗಮನದಿಂದ ಲಾಭವಾಯಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ವಿವರ ಈ ಎಡಪಾದದ್ದೇ. ಕಲಿಯುವಾಗ ನಮ್ಮ ಒಂದೊಂದು ಚಲನೆಯನ್ನೂ ನಾವೇ ಕಾಯಬೇಕು. ಕೈಗೆ ಕೂತ ಮೇಲೆ ಆ ಕಾವಲನ್ನು ಹಿಂತೆಗೆದು, ಎದುರಿಗಿರುವ ಚೆಂಡಿಗೋ ಲೆಕ್ಕಕ್ಕೋ ಮಗುವಿನ ಪ್ರಶ್ನೆಗೋ ನಮ್ಮನ್ನು ಒಪ್ಪಿಸಬೇಕು. ಯಾವುದು ಕೂತಿದೆ, ಯಾವುದು ಇನ್ನೂ ಕೂತಿಲ್ಲ ಎಂದು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳುವುದೇ ಇಲ್ಲಿನ ಕಷ್ಟದ ಕೆಲಸ, ಮತ್ತು ಅದನ್ನು ಮಾಡಬೇಕಾದದ್ದು ಪರೀಕ್ಷೆಯ ದಿನಕ್ಕಿಂತ ಬಹಳ ಮೊದಲು.

ದಣಿವಿನ ಮಾತನ್ನೂ ಇಲ್ಲಿ ಸೇರಿಸಬೇಕು. ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಎಲ್ಲರೂ ಅಭ್ಯಾಸದ ಗಂಟೆಗಳ ಲೆಕ್ಕವನ್ನಷ್ಟೇ ಎತ್ತಿಕೊಂಡರು. ಹೆಚ್ಚು ನಿಪುಣರಾದವರು ಹೆಚ್ಚು ನಿದ್ರಿಸುತ್ತಿದ್ದರು, ಹಗಲಿನಲ್ಲೂ ಒಂದಿಷ್ಟು ಮಲಗುತ್ತಿದ್ದರು ಎಂಬುದೂ ಅದೇ ಅಧ್ಯಯನದಲ್ಲಿದೆ. ನಿದ್ದೆಗೆಟ್ಟು ಓದುವ ಮಕ್ಕಳನ್ನು ಹೊಗಳುವ ನಾವು ಇದನ್ನು ಮರೆಯಬಾರದಿತ್ತು.

ಪರೀಕ್ಷೆಯ ಹಿಂದಿನ ದಿನ ನಾನೂ ಮಕ್ಕಳಿಗೆ ‘ಕೈಲಾದಷ್ಟು ಮಾಡಿ’ ಎಂದು ಹೇಳಿ ಕಳಿಸುತ್ತಿದ್ದೆ. ಅಕ್ಕರೆಯಿಂದಲೇ ಹೇಳುತ್ತಿದ್ದ ಮಾತು ಅದು. ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ನಡೆಸಿದ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡುಬಂದದ್ದೇನೆಂದರೆ, ಕೈಲಾದಷ್ಟು ಮಾಡಿ ಎಂದು ಹೇಳಿಸಿಕೊಂಡವರಿಗಿಂತ ಸ್ಪಷ್ಟವಾದ, ತುಸು ಕಠಿಣವಾದ ಗುರಿ ಪಡೆದವರು ಹೆಚ್ಚು ಸಾಧಿಸುತ್ತಾರೆ. ಕೈಲಾದಷ್ಟು ಎಂದರೆ ಎಷ್ಟೆಂದು ಕೇಳಿದರೆ ಮಗು ಏನು ಹೇಳೀತು? ಅಳತೆಯಿಲ್ಲದ ಆ ಮಾತು ಆತಂಕದ ಮಗುವಿಗೆ ಎಷ್ಟು ಮಾಡಿದರೂ ಸಾಲದೆನಿಸುತ್ತದೆ, ಉದಾಸೀನದ ಮಗುವಿಗೆ ಎಷ್ಟು ಮಾಡಿದರೂ ಸಾಕೆನಿಸುತ್ತದೆ.

ಈಗ ನಾನು ಒಬ್ಬೊಬ್ಬರಿಗೂ ಬೇರೆ ಬೇರೆ ಕೆಲಸ ಹೇಳುತ್ತೇನೆ: ಪ್ರತಿ ಪ್ರಶ್ನೆಯನ್ನು ಎರಡು ಸಲ ಓದು, ಚಿಹ್ನೆ ಬದಲಾಗುವ ಸಾಲಿನಲ್ಲಿ ಒಂದು ಕ್ಷಣ ನಿಲ್ಲು, ಬಿಡಿಸಲಾಗದ ಲೆಕ್ಕವನ್ನು ಹತ್ತು ನಿಮಿಷಕ್ಕೆ ಬಿಟ್ಟು ಮುಂದಕ್ಕೆ ಹೋಗು. ಕಳೆದ ವರ್ಷ ಪರೀಕ್ಷೆ ಮುಗಿಸಿ ಬಂದ ಹುಡುಗನೊಬ್ಬ ಎಷ್ಟು ಅಂಕ ಬರಬಹುದೆಂಬ ಮಾತೇ ಎತ್ತದೆ, ಕೊನೆಯ ಲೆಕ್ಕದಲ್ಲಿ ತಾನು ಹಿಡಿದ ದಾರಿ ಸರಿಯೋ ಎಂದು ಕೇಳಿ ನೆಲದ ಮೇಲೆಯೇ ಚಿತ್ರ ಬರೆದು ತೋರಿಸಿದ. ದಾರಿ ಸರಿಯಾಗಿತ್ತು, ಉತ್ತರ ತಪ್ಪಿತ್ತು. ತಪ್ಪಿದ್ದೆಲ್ಲೆಂದು ಇಬ್ಬರೂ ಕುಳಿತು ಹುಡುಕಿದೆವು.