50 ಮೀಟರಿನ ಭರವಸೆ ಬೆಲ್ಟಿಗೆ ಕೊಟ್ಟದ್ದಲ್ಲ

ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ಕೈ ತೊಳೆಯುವ ಜಾಗದಲ್ಲಿ ಕಂಡದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಸಹೋದ್ಯೋಗಿಯೊಬ್ಬರು, ನನಗಿಂತ ಹಿರಿಯರು, ಅಂಗಿಯ ಮೇಲೆ ಒಂದು ಸುಕ್ಕನ್ನೂ ಸಹಿಸದ ಅಚ್ಚುಕಟ್ಟಿನ ಮನುಷ್ಯರು, ಕೈಗಡಿಯಾರವನ್ನು ಕಟ್ಟಿಕೊಂಡೇ ಮಣಿಕಟ್ಟಿನವರೆಗೆ ಸಾಬೂನು ಹಚ್ಚಿ, ಕಂದು ಚರ್ಮದ ಬೆಲ್ಟು ಪೂರ್ತಿ ನೆನೆದು ಕಪ್ಪಾಗುವ ತನಕ ನಲ್ಲಿಯ ಕೆಳಗೆ ಹಿಡಿದರು. ಅಷ್ಟು ಸಾಲದೆಂಬಂತೆ ಕೈ ಒಣಗಿಸುವ ಯಂತ್ರದ ಬಿಸಿಗಾಳಿಗೆ ಅದೇ ಬೆಲ್ಟನ್ನು ಒಡ್ಡಿ, ಎಲ್ಲ ಬದಿಗೂ ಸಮನಾಗಿ ತಗುಲಲೆಂದು ಕೈಯನ್ನು ತಿರುಗಿಸುತ್ತ ನಿಂತರು. ನನ್ನ ಮುಖದಲ್ಲಿ ಏನು ಕಂಡರೋ ತಿಳಿಯದು. "ಗಾಬರಿಯಾಗಬೇಡಿ, ಇದು ವಾಟರ್ ರೆಸಿಸ್ಟೆಂಟ್, 50 ಮೀಟರ್" ಎಂದು ಗಡಿಯಾರ ಬಿಚ್ಚಿ, ಅದರ ಬೆನ್ನಿನಲ್ಲಿ ಕೆತ್ತಿದ್ದ ಅಕ್ಷರಗಳನ್ನು ತೋರಿಸಿದರು. ಅವರು ತೋರಿಸಿದ್ದು ಅಕ್ಷರಗಳನ್ನು. ನನ್ನ ಕಣ್ಣಿಗೆ ಬಿದ್ದದ್ದು ಪಕ್ಕದಲ್ಲೇ ಜೋತಾಡುತ್ತಿದ್ದ ಬೆಲ್ಟಿನ ಒಳಮೈ. ಆರು ತಿಂಗಳ ಬೆವರು, ಸಾಬೂನಿನ ಜಿಡ್ಡು ಮತ್ತು ಉದುರಿದ ಚರ್ಮದ ಹೊಟ್ಟು ಸೇರಿ ಅಲ್ಲಿ ಮಿರುಗುವ ಕಪ್ಪು ಪದರವೊಂದು ಕಟ್ಟಿಕೊಂಡಿತ್ತು.

ನನ್ನನ್ನು ಬಲ್ಲವರು ಇಷ್ಟರಲ್ಲೇ "ಶುರುವಾಯಿತು ಬೆಲ್ಟು ಪುರಾಣ" ಎಂದುಕೊಂಡು ಮುಂದೆ ಸರಿದಿರುತ್ತೀರಿ. ಕಳೆದ ವರ್ಷ ಇದೇ ವಿಷಯಕ್ಕೆ ನನ್ನೊಡನೆ ಜಗಳವಾಡಿದ ಇಬ್ಬರು ಮಾತ್ರ ಕೊನೆಯವರೆಗೂ ಓದುತ್ತೀರಿ ಎಂಬುದೂ ನನಗೆ ಗೊತ್ತು.

ಮೊದಲು ಆ 50 ಮೀಟರಿನ ವಿಷಯವನ್ನು ಮುಗಿಸಿಬಿಡುತ್ತೇನೆ. ಆ ಅಂಕಿಯು ಗಡಿಯಾರದ ಕವಚಕ್ಕೆ ಸಂಬಂಧಿಸಿದ್ದು. ಬೆನ್ನಿನ ಮುಚ್ಚಳ, ಗಾಜು ಮತ್ತು ಕೀಲಿ ಕೊಡುವ ತಿರುಪಿನ ಸುತ್ತ ಕೂರಿಸಿರುವ ರಬ್ಬರ್ ಉಂಗುರಗಳು ಅಷ್ಟು ಆಳದ ನಿಂತ ನೀರಿನ ಒತ್ತಡಕ್ಕೆ ಸಮನಾದ ಪರೀಕ್ಷೆಯನ್ನು ತಡೆದುಕೊಳ್ಳುತ್ತವೆ ಎಂಬುದಷ್ಟೇ ಅದರ ಅರ್ಥ. 50 ಮೀಟರ್ ಆಳಕ್ಕೆ ಧುಮುಕಬಹುದೆಂಬ ಅನುಮತಿಯೂ ಅದಲ್ಲ. ಬೆಲ್ಟಿನ ಬಗ್ಗೆ ಅದು ಚಕಾರವನ್ನೂ ಎತ್ತುವುದಿಲ್ಲ. ಕವಚದೊಳಗಿನ ಯಂತ್ರಕ್ಕೆ ಹನಿ ನೀರೂ ತಾಗದಂತೆ ಯಾರೋ ಇಷ್ಟೆಲ್ಲ ಏರ್ಪಾಡು ಮಾಡಿದ್ದಾರೆಂಬ ಧೈರ್ಯದಲ್ಲಿ ನಾವು ಅದರ ಎರಡು ತೋಳುಗಳನ್ನು ದಿನಕ್ಕೆ ನಾಲ್ಕು ಸಲ ನೀರಿನಲ್ಲಿ ಅದ್ದುತ್ತೇವೆ.

ಚರ್ಮವೆಂದರೆ ಹೆಣೆದುಕೊಂಡ ನಾರಿನೆಳೆಗಳ ರಾಶಿ. ಹದಮಾಡುವಾಗ ಆ ಎಳೆಗಳ ನಡುವೆ ಕೊಬ್ಬಿನಂಶವನ್ನು ಸೇರಿಸಿರುತ್ತಾರೆ. ಒಂದು ಎಳೆ ಇನ್ನೊಂದರ ಮೇಲೆ ಜಾರುತ್ತ ಬಾಗುವುದು ಅದರಿಂದಲೇ. ನೆನೆದು ನೆನೆದು ಒಣಗುವಾಗ ಆ ಜಿಡ್ಡಿನಂಶ ಸ್ವಲ್ಪ ಸ್ವಲ್ಪವಾಗಿ ಹೊರಟುಹೋಗುತ್ತದೆ, ಎಳೆಗಳು ಒಂದಕ್ಕೊಂದು ಅಂಟಿ ಸೆಟೆದುಕೊಳ್ಳುತ್ತವೆ, ಆಮೇಲೆ ಬಾಗಿಸಿದಲ್ಲೆಲ್ಲ ಬಿರುಕು. ಮರದ ತೊಗಟೆಯ ಒಗರಿನಿಂದ ಹದಮಾಡಿದ ಚರ್ಮವು ಒದ್ದೆಯಾಗಿದ್ದಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮುದುಡಲು ತೊಡಗುತ್ತದೆ. ಕ್ರೋಮಿಯಂ ಲವಣದಿಂದ ಹದಮಾಡಿದ್ದು 100 ಡಿಗ್ರಿಯ ಆಸುಪಾಸಿನವರೆಗೆ ತಡೆಯಬಲ್ಲದು. ಕೈ ಒಣಗಿಸುವ ಯಂತ್ರದ ಗಾಳಿ ಆ ಮಟ್ಟ ಮುಟ್ಟದಿದ್ದರೂ ಅದರ ಅವಸರವೇ ಸಾಕು. ನೆನೆದ ಬೆಲ್ಟನ್ನು ಬಟ್ಟೆಯಿಂದ ಒತ್ತಿ, ಉಜ್ಜದೆ, ನೆರಳಿನಲ್ಲಿ ಗಾಳಿಯಾಡುವ ಕಡೆ ಒಂದು ರಾತ್ರಿ ಬಿಟ್ಟರೆ ತಾನಾಗಿಯೇ ಒಣಗುತ್ತದೆ. ಒಂದು ರಾತ್ರಿ ಕಾಯುವ ವ್ಯವಧಾನ ನಮಗಿಲ್ಲ. ಅದೇ ಬೆಲ್ಟು ಮೂರು ವರ್ಷ ಬಾಳಬೇಕೆಂಬ ನಿರೀಕ್ಷೆ ಮಾತ್ರ ಇದೆ.

ನನ್ನ ನಿಜವಾದ ತಕರಾರು ನೀರಿನದ್ದೂ ಅಲ್ಲ, ಆ ಒಳಮೈಯದ್ದು. ಬೆಲ್ಟಿನ ಕುರಿತು ನನ್ನನ್ನು ಕೇಳುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾವ ಕ್ರೀಮ್ ಹಚ್ಚಬೇಕು?" ಹಚ್ಚುವುದು ಎಲ್ಲಿಗೆ ಎಂದರೆ ಹೊರಮೈಗೆ, ಊರೆಲ್ಲ ನೋಡುವ ಕಡೆಗೆ. ಬೆಲ್ಟು ಸಾಯುವುದು ಹೊರಗಿನಿಂದಲ್ಲ. ಬೆವರಿನಲ್ಲಿ ಬಹುಪಾಲು ನೀರೇ ಆದರೂ ಅದರ ಜೊತೆ ಉಪ್ಪು, ಯೂರಿಯಾ ಮತ್ತು ಲ್ಯಾಕ್ಟಿಕ್ ಆಮ್ಲಗಳಿರುತ್ತವೆ. ನೀರು ಆರಿಹೋಗುತ್ತದೆ, ಉಪ್ಪು ಅಸ್ತರಿನಲ್ಲೇ ಉಳಿಯುತ್ತದೆ. ಉಳಿದ ಉಪ್ಪು ಮತ್ತೆ ತೇವವನ್ನು ಎಳೆದುಕೊಳ್ಳುತ್ತದೆ. ಆ ತೇವದಲ್ಲಿ ಸೂಕ್ಷ್ಮಜೀವಿಗಳು ಸಂಸಾರ ಹೂಡುತ್ತವೆ, ವಾಸನೆ ಹುಟ್ಟುತ್ತದೆ. ಅಸ್ತರನ್ನು ಹೊರಚರ್ಮಕ್ಕೆ ಹಿಡಿದಿಟ್ಟಿರುವ ಅಂಟು ಸಡಿಲಗೊಂಡು ಅಂಚು ಬಾಯಿಬಿಡುವ ವೇಳೆಗೆ ಹೊರಮೈ ಇನ್ನೂ ಹೊಸತರಂತೆ ಹೊಳೆಯುತ್ತಿರುತ್ತದೆ, ಏಕೆಂದರೆ ನೀವು ಅದಕ್ಕೆ ತಿಂಗಳಿಗೊಮ್ಮೆ ತಪ್ಪದೆ ಕ್ರೀಮ್ ಹಚ್ಚಿದ್ದೀರಿ. ಹೊಟ್ಟೆನೋವಿಗೆ ಅಂಗಿ ಇಸ್ತ್ರಿ ಮಾಡಿಸಿದ ಹಾಗೆ.

ಮಾಡಬೇಕಾದದ್ದು ನಾಚಿಕೆಯಾಗುವಷ್ಟು ಸುಲಭ. ಸಂಜೆ ಬಿಚ್ಚಿದ ಕೂಡಲೇ ಒಣಬಟ್ಟೆಯಿಂದ ಒಳಮೈಯನ್ನು ಒಮ್ಮೆ ಒರೆಸಬೇಕು. ಅರ್ಧ ನಿಮಿಷದ ಕೆಲಸ. ಹೆಚ್ಚು ಬೆವರುವವರು ವಾರಕ್ಕೊಮ್ಮೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಬರೀ ಆ ತೇವದಿಂದ ಅಸ್ತರನ್ನು ಒರೆಸಿ, ಗಾಳಿಗೆ ಬಿಡಬೇಕು. ರಾತ್ರಿ ಕಟ್ಟಿಕೊಂಡು ಮಲಗಬಾರದು, ಬಿಚ್ಚಿದ್ದನ್ನು ತೇವವಿರುವಾಗಲೇ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ಬೂಷ್ಟು ಹಿಡಿಯಲು ಅದಕ್ಕಿಂತ ಒಳ್ಳೆಯ ತಾಣವಿಲ್ಲ. ಎರಡು ಬೆಲ್ಟುಗಳಿದ್ದು ಒಂದಾದ ಮೇಲೊಂದರಂತೆ ಕಟ್ಟುವವರ ಬೆಲ್ಟುಗಳು ಹೆಚ್ಚು ಬಾಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಂದು ಆರುವಷ್ಟು ಹೊತ್ತು ಇನ್ನೊಂದು ದುಡಿಯುತ್ತದೆ. ಕಟ್ಟುವಾಗ ಕಿರುಬೆರಳು ತೂರುವಷ್ಟು ಸಡಿಲವಿದ್ದರೆ ಅಸ್ತರಿಗೂ ನಿಮ್ಮ ಚರ್ಮಕ್ಕೂ ಉಸಿರು ಸಿಗುತ್ತದೆ. ಸುಗಂಧದ್ರವ್ಯ ಮತ್ತು ಸ್ಯಾನಿಟೈಸರ್ ಹಚ್ಚಿದ ಮೇಲೆ ಅವು ಆರುವ ತನಕ ಗಡಿಯಾರ ಕಟ್ಟಬೇಡಿ, ಅವುಗಳಲ್ಲಿರುವ ಮದ್ಯಸಾರವು ಬೆಲ್ಟಿನ ಬಣ್ಣವನ್ನೂ ಮೇಲ್ಲೇಪವನ್ನೂ ಕದಡುತ್ತದೆ.

ಕ್ರೀಮಿಗೂ ಒಂದು ಹೊತ್ತಿದೆ, ನಾನು ಅದರ ಶತ್ರುವಲ್ಲ. ಚರ್ಮ ಮುಟ್ಟಿದರೆ ಒಣಕಲಾಗಿ ಕಂಡಾಗ, ಹೆಚ್ಚೆಂದರೆ ಮೂರು ನಾಲ್ಕು ತಿಂಗಳಿಗೊಮ್ಮೆ, ಬೆರಳ ತುದಿಯಷ್ಟನ್ನು ಬಟ್ಟೆಗೆ ತೆಗೆದುಕೊಂಡು ತೆಳುವಾಗಿ ಸವರಿ ಉಳಿದದ್ದನ್ನು ಒರೆಸಿದರೆ ಸಾಕು. ಅದೂ ಕೊಳೆ ತೆಗೆದ ಮೇಲೆ, ಕೊಳೆಯ ಮೇಲಲ್ಲ. ಸ್ವೀಡ್ ಚರ್ಮಕ್ಕಂತೂ ಕ್ರೀಮ್ ಮುಟ್ಟಿಸಲೇಬಾರದು, ಅದರ ನವಿರೆಲ್ಲ ಅಂಟಿ ಬೋಳಾಗುತ್ತದೆ. ಮೃದುವಾದ ಬ್ರಷ್ ಒಂದೇ ಅದಕ್ಕೆ ಮದ್ದು. ಇನ್ನು ಮೇಲೆ ಪ್ಲಾಸ್ಟಿಕ್ ಪದರ ಬಳಿದ ಅಗ್ಗದ ಬೆಲ್ಟು ಸುಲಿಯಲು ತೊಡಗಿದ್ದರೆ ಯಾವ ಕ್ರೀಮೂ ಅದನ್ನು ಬದುಕಿಸದು, ಬಿಟ್ಟುಬಿಡಿ.

ಇದನ್ನೆಲ್ಲ ಹೀಗೆ ಗಟ್ಟಿದನಿಯಲ್ಲಿ ಹೇಳುವ ನಾನು ಒಂದು ಕಾಲದಲ್ಲಿ ಏನು ಮಾಡಿದ್ದೆನೆಂಬುದನ್ನೂ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಅವರ ಕೈಗಡಿಯಾರ ನನಗೆ ಬಂತು. ಚರ್ಮದ ಬೆಲ್ಟು ಬಿರುಸಾಗಿತ್ತು. ಮೂರನೆಯ ತೂತು ಅವರು ಪ್ರತಿದಿನ ಎಳೆದು ಸಿಕ್ಕಿಸಿದ್ದರಿಂದ ಉದ್ದಕ್ಕೆ ಹಿಗ್ಗಿತ್ತು. ಬೆಲ್ಟನ್ನು ಮೇಜಿನ ಮೇಲಿಟ್ಟರೆ ಅವರ ಮಣಿಕಟ್ಟಿನ ಬಾಗನ್ನೇ ಹಿಡಿದು ನಿಲ್ಲುತ್ತಿತ್ತು. ಅದನ್ನು ಉಳಿಸಿಕೊಳ್ಳುವ ಆತುರದಲ್ಲಿ ಮನೆಯಲ್ಲಿ ಕೈಗೆ ಸಿಕ್ಕ ಎಣ್ಣೆಯನ್ನು ಬಟ್ಟಲಿಗೆ ಸುರಿದು ರಾತ್ರಿಯಿಡೀ ಅದರಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ಅದು ಬಾಳೆನಾರಿನಂತೆ ಜೋಲಾಡುತ್ತಿತ್ತು. ಎರಡು ವಾರಗಳಲ್ಲಿ ತೂತುಗಳು ಒಂದರೊಳಗೊಂದು ಹರಿದುಕೊಂಡವು, ಅಸ್ತರು ಕಳಚಿತು, ಮುಗ್ಗಲು ಎಣ್ಣೆಯ ವಾಸನೆ ಕೈಗೆ ಹತ್ತತೊಡಗಿತು. ಗಡಿಯಾರ ಈಗಲೂ ಸರಿಯಾದ ಸಮಯ ತೋರಿಸುತ್ತದೆ. ಬೇರೆ ಬೆಲ್ಟು ಹಾಕಿಸಿದ್ದೇನೆ, ನಾನು ಕಟ್ಟುವುದು ಎರಡನೆಯ ತೂತಿಗೆ.

ಬಕಲ್ಲಿನ ಮಾತಿಗೆ ಬಂದರೆ ನನ್ನ ದನಿ ಇನ್ನೂ ಏರುತ್ತದೆ, ಏಕೆಂದರೆ ಒಳಮೈಯನ್ನಾದರೂ ಕೆಲವರು ನೋಡುತ್ತಾರೆ, ಬಕಲ್ಲಿನ ಒಳಮೈಯನ್ನು ಯಾರೂ ನೋಡುವುದಿಲ್ಲ. ಮುಳ್ಳಿನ ಸಾಮಾನ್ಯ ಬಕಲ್ ಇರುವಾಗ ನಾವು ಪ್ರತಿ ಸಲ ಬೆಲ್ಟಿನ ತುದಿಯನ್ನು ಹಿಂದಕ್ಕೆ ಮಡಚಿ ಎಳೆದು ಸಿಕ್ಕಿಸುತ್ತೇವೆ. ಹಾಗಾಗಿ ಮೊದಲ ಬಿರುಕು ಬೀಳುವುದು ದಿನವೂ ಬಳಸುವ ಆ ಒಂದು ತೂತಿನ ಪಕ್ಕದಲ್ಲೇ. ಲೋಹದ ಪಟ್ಟಿಯೇ ಮಡಚಿ ಮುಚ್ಚಿಕೊಳ್ಳುವ ಬಕಲ್ಲಿನಲ್ಲಿ ತೂತನ್ನು ಒಮ್ಮೆ ಹೊಂದಿಸಿದರೆ ಮುಗಿಯಿತು, ಆಮೇಲೆ ಬಾಗುವುದು ಲೋಹವೇ ಹೊರತು ಚರ್ಮವಲ್ಲ. ಕಾರ್ಟಿಯೆ ಸಂಸ್ಥೆ 1910ರ ಸುಮಾರಿಗೆ ಪೇಟೆಂಟ್ ಪಡೆದ ಈ ಏರ್ಪಾಡಿಗೆ ಫ್ರೆಂಚರು ಇಟ್ಟ ಹೆಸರಿಗೆ ಬಿಚ್ಚಿಕೊಳ್ಳುವ ಬಕಲ್ ಎಂದಷ್ಟೇ ಅರ್ಥ. ಇಂಗ್ಲಿಷಿನ ಬಾಯಿಗೆ ಬಿದ್ದು ಅದು ಡಿಪ್ಲಾಯ್‌ಮೆಂಟ್ ಬಕಲ್ ಆಗಿ, ಮಣಿಕಟ್ಟಿಗೆ ಸೇನಾ ತುಕಡಿಯನ್ನು ಕಳುಹಿಸಿದಂತೆ ಕೇಳಿಸುತ್ತದೆ. ಇದು ಚರ್ಮವನ್ನು ಕಾಪಾಡುವುದು ನಿಜ. ಆದರೆ ಇದರ ಮಡಿಕೆಗಳ ನಡುವೆ ಸೇರುವ ಮಡ್ಡಿಯನ್ನು ತೆಗೆಯದಿದ್ದರೆ ಕೀಲುಗಳು ಮರಳು ಸಿಕ್ಕಂತೆ ಸವೆಯುತ್ತವೆ, ಒತ್ತುವ ಗುಂಡಿಗಳು ಅರ್ಧದಲ್ಲೇ ನಿಲ್ಲುತ್ತವೆ, ಒಂದು ದಿನ ನಡುರಸ್ತೆಯಲ್ಲಿ ಬಕಲ್ ತಾನಾಗಿ ತೆರೆದುಕೊಳ್ಳುತ್ತದೆ.

ಬಕಲ್ಲಿನ ಕೆಳಗೆ ಚರ್ಮಕ್ಕೆ ತಾಗುವ ಕಡೆ ಹಸಿರು ಮೇಣದಂಥದ್ದು ಕಂಡರೆ ಅದು ಬಣ್ಣ ಬಿಟ್ಟದ್ದಲ್ಲ, ಕಿಲುಬು. ಲೇಪ ಸವೆದು ಒಳಗಿನ ಹಿತ್ತಾಳೆ ಹೊರಬಂದಿದೆ, ಅದರಲ್ಲಿನ ತಾಮ್ರವು ಬೆವರಿನೊಂದಿಗೂ ಚರ್ಮದ ಜಿಡ್ಡಿನೊಂದಿಗೂ ಕೂಡಿದೆ ಎಂದು ತಿಳಿಯಬೇಕು. ಕಡ್ಡಿಯಿಂದ ಮೆಲ್ಲಗೆ ಕೆರೆದು ಒರೆಸಿದರೆ ಹೋಗುತ್ತದೆ, ಆದರೆ ಮತ್ತೆ ಬರುತ್ತದೆ. ಉಕ್ಕಿನ ಬಕಲ್ ಹಾಕಿಸುವುದೇ ಲೇಸು. ತೊಳೆಯುವುದಿದ್ದರೆ ಬಕಲ್ಲನ್ನು ಬೆಲ್ಟಿನಿಂದ ಬಿಡಿಸಿಯೇ ತೊಳೆಯಿರಿ: ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯವಾದ ಸಾಬೂನು, ಹಳೆಯ ಮೆತ್ತನೆಯ ಟೂತ್‌ಬ್ರಷ್. ಪೂರ್ತಿ ಒಣಗಿದ ಮೇಲೆ ಬಕಲ್ಲಿನ ಕೀಲುಗಳಿಗೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಗಡಿಯಾರದ ಎಣ್ಣೆ, ಅದಕ್ಕಿಂತ ಹೆಚ್ಚಾದದ್ದು ಚರ್ಮಕ್ಕೆ ಇಳಿಯುತ್ತದೆ. ಹೇಗೂ ಬಿಡಿಸಿದ್ದೀರಲ್ಲ, ಆಗಲೇ ಬೆಲ್ಟನ್ನು ಗಡಿಯಾರಕ್ಕೆ ಹಿಡಿದಿಡುವ ಎರಡೂ ಬದಿಯ ಕಡ್ಡಿಗಳನ್ನು, ಅಂದರೆ ಸ್ಪ್ರಿಂಗ್ ಬಾರ್‌ಗಳನ್ನು, ಬೆರಳಿನಿಂದ ಒತ್ತಿ ನೋಡಿ. ತುಕ್ಕು ಕಂಡರೆ, ಒತ್ತಿದ ತುದಿ ಚಂಗನೆ ಹಿಂದಕ್ಕೆ ಬಾರದಿದ್ದರೆ, ಅದನ್ನು ಅಲ್ಲಿಗೇ ಎಸೆಯಿರಿ. ಇಡೀ ಗಡಿಯಾರ ನಿಂತಿರುವುದು ಒಂದೆರಡು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಆ ಎರಡು ಕಡ್ಡಿಗಳ ಮೇಲೆ. ಹೊಸ ಬೆಲ್ಟು ಹಾಕಿಸಿ ಹಳೆಯ ಕಡ್ಡಿಗಳನ್ನೇ ತೂರಿಸುವವರನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ. ಹೊರಡುತ್ತದೆ, ಆದರೆ ಇಲ್ಲಿ ಬರೆಯುವಂಥದ್ದಲ್ಲ.

"ಬೆಲ್ಟು ಸವೆಯುವ ವಸ್ತು, ಸವೆದರೆ ಬದಲಾಯಿಸಿದರಾಯಿತು, ಇದಕ್ಕೆಲ್ಲ ಇಷ್ಟು ಆರೈಕೆ ಏಕೆ?" ಎಂದು ಕಳೆದ ವರ್ಷ ಕೇಳಿದ ಇಬ್ಬರಿಗೂ ಉತ್ತರ ಬಾಕಿ ಇದೆ. ಸವೆಯುವ ವಸ್ತು ಎಂಬುದನ್ನು ಒಪ್ಪಿದೆ. ದಿನವೂ ಕಟ್ಟಿದರೆ ಎಷ್ಟೇ ನಿಗಾ ಮಾಡಿದರೂ ಒಂದೆರಡು ವರ್ಷಕ್ಕೆ ಅದು ಕೈಕೊಡಬಹುದು. ಆದರೆ ಸವೆಯುವುದು ಬೇರೆ, ಕೊಳೆಯುವುದು ಬೇರೆ. ಚಪ್ಪಲಿಯೂ ಸವೆಯುತ್ತದೆ, ಹಾಗೆಂದು ಅದನ್ನು ಯಾರೂ ತೊಳೆಯದೆ ಬಿಡುವುದಿಲ್ಲ. ಬದಲಾಯಿಸುತ್ತೇನೆ ಎನ್ನುವವರು ಬದಲಾಯಿಸುವುದಾದರೂ ಯಾವಾಗ? ಹೊರಮೈ ಬಿರುಕು ಬಿಟ್ಟಾಗ. ಅಂದರೆ ಒಳಗಡೆ ವಾಸನೆ ಹುಟ್ಟಿ ಎಷ್ಟೋ ತಿಂಗಳಾದ ಮೇಲೆ, ಅಷ್ಟೂ ತಿಂಗಳು ಅದನ್ನು ತಮ್ಮ ಚರ್ಮಕ್ಕೇ ಕಟ್ಟಿಕೊಂಡು ತಿರುಗಾಡಿದ ಮೇಲೆ. ಇದು ವಾದವಲ್ಲ, ಸೋಮಾರಿತನಕ್ಕೆ ಹೊದಿಸಿದ ಶಾಲು.

ಈ ಸಾಲುಗಳನ್ನು ಬರೆಯುತ್ತಿರುವಾಗಲೇ ಮಧ್ಯಾಹ್ನದ ಹಿರಿಯರು ಸಂದೇಶ ಕಳುಹಿಸಿದ್ದಾರೆ. ನಾನು ಆಗ ಒಳಮೈಯನ್ನೇ ದಿಟ್ಟಿಸುತ್ತಿದ್ದದ್ದು ಅವರಿಗೆ ಕೊರೆಯುತ್ತಿತ್ತೆಂದು ಕಾಣುತ್ತದೆ. ಬೆಲ್ಟನ್ನು ಮಗುಚಿ ತೆಗೆದ ಚಿತ್ರವೊಂದರ ಕೆಳಗೆ, "ಇದು ಕೊಂಡಾಗಿನಿಂದಲೂ ಕಪ್ಪೇ ಇತ್ತಲ್ಲವೇ?" ಎಂದು ಕೇಳಿದ್ದಾರೆ. ಬಕಲ್ಲನ್ನು ಬಿಡಿಸಿ, ಅದರ ಕಡ್ಡಿ ತೂರುವ ಮಡಿಕೆಯ ಒಳಗೆ ನೋಡಿ, ಬೆವರು ತಲುಪದ ಆ ಜಾಗದಲ್ಲಿ ಮೂಲ ಬಣ್ಣ ಉಳಿದಿರುತ್ತದೆ ಎಂದು ಉತ್ತರಿಸಿದೆ. ಹತ್ತು ನಿಮಿಷದ ನಂತರ ಇನ್ನೊಂದು ಚಿತ್ರ ಬಂತು, ಜೊತೆಗೆ ಒಂದು ಮಾತೂ ಇಲ್ಲ. ತಿಳಿಜೇನಿನ ಬಣ್ಣ.