ತಗಡಿಗೆ ಬೆಳ್ಳಿ ಹಾಳೆ, ರಬ್ಬರಿಗೆ ಕಾಸಿಲ್ಲ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ. ಪುರಸೊತ್ತು ಇದ್ದವರು ಓದಿ.

ಮಧ್ಯಾಹ್ನ ಭಾವ ಪಿಕಪ್ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಕೊಯ್ಲು ಶುರುವಾಗುವ ಮೊದಲು ಗಾಡಿಯ ಸದ್ದು, ನಡುಕ ಕಡಿಮೆ ಆಗಲಿ ಅಂತ ರೆಡಿ ಮಾಡಿಸಿಕೊಂಡು ಬಂದಿದ್ದಾನಂತೆ. ಬಾಗಿಲು ತೆಗೆದರೆ ಒಳಗೆಲ್ಲ ಬೆಳ್ಳಿ! ಮಾಡಿಗೆ, ಬಾಗಿಲಿಗೆ, ಸೀಟಿನ ಹಿಂದಿನ ತಗಡಿಗೆ, ಕಾಲಡಿಗೆ, ಒಂದಿಂಚೂ ಬಿಡದೆ ಹೊಳೆಯುವ ಶೀಟ್ ಅಂಟಿಸಿದ್ದಾರೆ. ಅಡಿಕೆ ಸಾಗಿಸುವ ಗಾಡಿಯೋ, ಮದುವೆ ಮಂಟಪವೋ ಗೊತ್ತಾಗಲಿಲ್ಲ. ಬಿಲ್ಲನ್ನೂ ನೋಡಿದೆ. ಮೊತ್ತ ಇಲ್ಲಿ ಬರೆಯುವುದಿಲ್ಲ. ತಂಗಿ ಫೇಸ್‌ಬುಕ್ಕಿನಲ್ಲಿದ್ದಾಳೆ.

"ಸ್ಟಾರ್ಟ್ ಮಾಡು ನೋಡುವ" ಅಂದೆ. ಮಾಡಿದ. ಮೊದಲಿನಷ್ಟೇ ಸದ್ದು. ಸ್ಟೀರಿಂಗ್ ಹಿಡಿದರೆ ಮೊಣಕೈವರೆಗೆ ನಡುಕ. ಗೇರ್ ಲಿವರ್ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಸೈಡ್ ಕನ್ನಡಿಯಲ್ಲಿ ನಮ್ಮ ಒಂದೇ ಕೊಟ್ಟಿಗೆ ಎರಡಾಗಿ ಕಾಣುತ್ತಿತ್ತು.

"ಎಂತ ಮಾಡದು ಭಾವಾ, ಹಾಕ್ಸಿ ಆತು" ಅಂದ.

ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಒಂದು ಬದಿಯ ಫೌಂಡೇಶನ್ ರಬ್ಬರ್ (ಇಂಜಿನ್ ಕೂರುವ ರಬ್ಬರ್, ಮೌಂಟಿಂಗ್ ಅಂತಲೂ ಅನ್ನುತ್ತಾರೆ) ಹರಿದು ಎರಡು ತುಂಡು. ಮೇಲಿನಿಂದ ಆಯಿಲ್ ಸೋರಿ ಸೋರಿ ರಬ್ಬರ್ ಉಬ್ಬಿ ಮೆತ್ತಗಾಗಿದೆ. ಇಂಜಿನ್ ಆ ಕಡೆಗೆ ವಾಲಿ, ಕಬ್ಬಿಣದ ಮೇಲೆ ಕಬ್ಬಿಣ ಕೂತಿದೆ. ಅಂದರೆ ಇಂಜಿನ್ ಹೊಡೆಯುವ ಒಂದೊಂದು ಪೆಟ್ಟೂ ಸೀದಾ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ), ಅಲ್ಲಿಂದ ಕ್ಯಾಬಿನ್ನಿಗೆ, ಅಲ್ಲಿಂದ ಭಾವನ ಬೆನ್ನಿಗೆ. ಆ ಬೆಳ್ಳಿ ಹಾಳೆಯ ಬಿಲ್ಲಿನ ಮುಂದೆ ಈ ರಬ್ಬರಿನ ಬೆಲೆ ಚಿಲ್ಲರೆ ಕಾಸು.

ನನ್ನ ತಕರಾರು ಇಷ್ಟೇ. ಅಷ್ಟು ಹೊತ್ತು ಗಾಡಿ ಬಿಚ್ಚಿ ಇಟ್ಟುಕೊಂಡವರು ಒಮ್ಮೆ ಬಾನೆಟ್ ಯಾಕೆ ಎತ್ತಲಿಲ್ಲ?

ಅಂಗಡಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ಒಂದು ಅಂಗಡಿಯ ಕಥೆಯೂ ಅಲ್ಲ ಇದು. ಎಲ್ಲ ಕಡೆ ಇದೇ. ಸದ್ದು ಅಂದ ಕೂಡಲೇ ಶೀಟ್. ಕೆಮ್ಮು ಅಂದವನಿಗೆ ಮಫ್ಲರ್ ಮಾರಿ ಕಳಿಸುವ ಡಾಕ್ಟರನ್ನು ನಾವು ಬಿಡುತ್ತೇವಾ?

ಬ್ಯಾಂಕಿನ ಕುರ್ಚಿ ಬಿಟ್ಟು ಸ್ಟೀರಿಂಗ್ ಹಿಡಿದವನು ನಾನು, ನಿಮಗೆಲ್ಲ ಗೊತ್ತಿರುವ ಸಂಗತಿ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಎರಡನೇ ಗೇರಿನಲ್ಲಿ ಹತ್ತುವಾಗ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಆ ಹೊತ್ತಿನಲ್ಲಿ ಈ ಸದ್ದಿನ ಲೆಕ್ಕವನ್ನೇ ಹಾಕುತ್ತಾ ಬಂದಿದ್ದೇನೆ. ಮನೆಯಲ್ಲಿ ಯಾರೂ ಕೇಳುವುದಿಲ್ಲ, ನೀವಾದರೂ ಕೇಳಿ.

ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಸಿಲಿಂಡರ್ ಫೈರ್ ಆಗುತ್ತವೆ, ಅಂದರೆ ಒಳಗೆ ಡೀಸೆಲ್ ಉರಿದು ಪೆಟ್ಟು ಕೊಡುತ್ತವೆ. ಐಡಲಿಂಗ್‌ನಲ್ಲಿ (ಗಾಡಿ ನಿಂತು ಇಂಜಿನ್ ಸುಮ್ಮನೆ ತಿರುಗುವಾಗ) 800 ಆರ್‌ಪಿಎಂ, ನಿಮಿಷಕ್ಕೆ 800 ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 27 ಪೆಟ್ಟು. ಘಾಟಿಯಲ್ಲಿ 2400ಕ್ಕೆ ಏರಿಸಿದರೆ ಸೆಕೆಂಡಿಗೆ 80. 2005ರಲ್ಲಿ ಟಾಟಾ ಏಸ್ ಬಂದಾಗ ಅದಕ್ಕೆ ಇದ್ದದ್ದು ಎರಡೇ ಸಿಲಿಂಡರಿನ ಡೀಸೆಲ್ ಇಂಜಿನ್. ಸುತ್ತಿಗೆ ಒಂದೇ ಪೆಟ್ಟು, ಐಡಲಿಂಗ್‌ನಲ್ಲಿ ಸೆಕೆಂಡಿಗೆ 13ರಷ್ಟು. ಅದಕ್ಕೇ ಅದರ ನಡುಕದ ತಾಳವೇ ಬೇರೆ. ಕಣ್ಣು ಮುಚ್ಚಿಕೊಂಡು ಕೂತರೂ ಗೊತ್ತಾಗುತ್ತದೆ.

ಸೆಕೆಂಡಿಗೆ 80 ಸಲ ಅಲುಗುವ ಸದ್ದಿನ ಒಂದು ಅಲೆ ಗಾಳಿಯಲ್ಲಿ 4 ಮೀಟರಿಗಿಂತ ಉದ್ದ. ನಮ್ಮ ಕ್ಯಾಬಿನ್ನೇ ಅಷ್ಟು ಉದ್ದ ಇಲ್ಲ! ಅದನ್ನು ಬೆರಳು ದಪ್ಪದ ಫೋಮ್ ಹೀರಿಕೊಳ್ಳುತ್ತದೆ ಅಂತ ಹೇಳುವವರಿಗೆ ಕೈ ಮುಗಿಯಬೇಕು. ಫೋಮ್ ಹೀರುವುದು ಚಿರ್ರ್, ಸುಂಯ್ ಅನ್ನುವ ಕೀರಲು ಸದ್ದನ್ನು. ಎದೆಗೆ ಬಡಿಯುವ ಆ ಗುಮ್ಮ್ ಅನ್ನುವುದನ್ನಲ್ಲ.

ಹಾಗಂತ ಶೀಟಿನ ಮೇಲೆ ದ್ವೇಷ ಇಲ್ಲ. ಒಳ್ಳೆಯ ಬ್ಯುಟೈಲ್ (ಅಂಟುವ ಒಂದು ಬಗೆಯ ರಬ್ಬರ್) ಶೀಟ್ ಒಂದು ಕೆಲಸ ಚೆನ್ನಾಗಿ ಮಾಡುತ್ತದೆ. ತಗಡು ಗಣಗಣ ಅನ್ನುವುದನ್ನು ನಿಲ್ಲಿಸುತ್ತದೆ. ಬಾಗಿಲಿನ ತಗಡನ್ನು ಬೆರಳಿನಿಂದ ತಟ್ಟಿ ನೋಡಿ. ಠಣ್ ಅಂದರೆ ಅಲ್ಲಿ ಬೇಕು, ಢಪ್ ಅಂದರೆ ಬೇಡ. ಅದೂ ತಗಡಿನ ನಡುಭಾಗದಲ್ಲಿ ಕಾಲು ಪಾಲಿಗೆ ಅಂಟಿಸಿದರೆ ಬಹುಪಾಲು ಕೆಲಸ ಆಯಿತು. ಮೂಲೆ ಮೂಲೆಗೆ ಮೆತ್ತಿದರೆ ಹೊಟ್ಟೆ ತುಂಬುವುದು ಅಂಗಡಿಯವರದ್ದು. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟಂತೂ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಕುಮಟಾ ಪೇಟೆಯಲ್ಲಿ ಗಾಡಿ ನಿಲ್ಲಿಸಿ ಬಂದು ಬಾಗಿಲು ತೆಗೆಯಿರಿ, ವಾಸನೆಗೆ ಊಟ ಸೇರುವುದಿಲ್ಲ.

ಸದ್ದು ಒಳಗೆ ಬರುವುದು ಎರಡು ದಾರಿಯಲ್ಲಿ. ಒಂದು ಕಬ್ಬಿಣ ಹಿಡಿದು, ಇನ್ನೊಂದು ಗಾಳಿ ಹಿಡಿದು. ಕಬ್ಬಿಣದ ದಾರಿಗೆ ರಬ್ಬರ್ ಮದ್ದು. ಇಂಜಿನ್ ಫೌಂಡೇಶನ್, ಗೇರ್‌ಬಾಕ್ಸ್ ಕೆಳಗಿನ ಮೌಂಟಿಂಗ್, ಕ್ಯಾಬಿನ್ ಚಾಸಿ ಮೇಲೆ ಕೂರುವ ಕಡೆಯ ಬುಷ್, ಸೈಲೆನ್ಸರ್ ನೇತಾಡುವ ರಬ್ಬರ್. ಇವು ನಾಲ್ಕೂ ಸವೆಯುವ ಸಾಮಾನು. ಟೈರ್ ಸವೆದರೆ ಬದಲಿಸುತ್ತೇವೆ. ಇವು ಕಣ್ಣಿಗೆ ಕಾಣುವುದಿಲ್ಲ ಅಂತ ಗಾಡಿ ಮಾರುವವರೆಗೂ ಹಾಗೇ ಬಿಡುತ್ತೇವೆ. ಸೈಲೆನ್ಸರ್ ಪೈಪು ಒಂದೇ ಒಂದು ಕಡೆ ಚಾಸಿಗೆ ತಾಗಿದರೂ ಸಾಕು, ಇಡೀ ಕ್ಯಾಬಿನ್ ಮೊರೆಯುತ್ತದೆ.

ಗಾಳಿಯ ದಾರಿ ಅಂದರೆ ತೂತು. ಇಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವ ತಗಡಿನಲ್ಲಿ ಎಷ್ಟು ತೂತು ಇವೆ ಅಂತ ಎಂದಾದರೂ ನೋಡಿದ್ದೀರಾ? ಸ್ಟೀರಿಂಗ್ ರಾಡಿಗೆ ಒಂದು, ಕ್ಲಚ್ಚಿಗೆ ಒಂದು, ವೈರಿನ ಕಟ್ಟಿಗೆ ಒಂದು, ಎಸಿ ಪೈಪಿಗೆ ಒಂದು. ಗೇರ್ ಲಿವರ್ ಬುಡದಲ್ಲಿ ಅಂಗೈಯಷ್ಟು ದೊಡ್ಡದು, ಅದರ ರಬ್ಬರ್ ಟೋಪಿ ಹರಿದು ವರ್ಷವಾಗಿರುತ್ತದೆ. ಎಲ್ಲಕ್ಕೂ ಕಂಪನಿಯವರು ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕೊಟ್ಟೇ ಇರುತ್ತಾರೆ. ವೈರಿಂಗ್ ಕೆಲಸದವರು ತೆಗೆದು ಬಿಸಾಡುತ್ತಾರೆ. ಅವರು ಬಿಟ್ಟದ್ದನ್ನು ಇಲಿ ತಿನ್ನುತ್ತದೆ. ಅಡಿಕೆ ಗೋಣಿಯ ಪಕ್ಕ ರಾತ್ರಿ ನಿಂತ ಗಾಡಿಗೆ ಇಲಿ ಬಾರದೇ ಇರುತ್ತದಾ?

ಒಂದು ಲೆಕ್ಕ ಹೇಳುತ್ತೇನೆ. ಗೋಡೆಯ ನೂರರಲ್ಲಿ ಒಂದು ಪಾಲು ತೂತಾಗಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ದಪ್ಪ ಇರಲಿ, ಆ ಗೋಡೆ 20 ಡೆಸಿಬೆಲ್‌ಗಿಂತ (ಡೆಸಿಬೆಲ್ ಅಂದರೆ ಸದ್ದಿನ ಅಳತೆ) ಜಾಸ್ತಿ ತಡೆಯುವುದಿಲ್ಲ. ಒಂದೇ ಪಾಲು! ಭಾವನ ಗಾಡಿಯಲ್ಲಿ ಬೆಳ್ಳಿ ಹಾಳೆಯನ್ನು ಆ ತೂತಿನ ಅಂಚಿನವರೆಗೆ ಅಂದವಾಗಿ ಕತ್ತರಿಸಿ ಅಂಟಿಸಿ, ತೂತನ್ನು ಹಾಗೇ ಬಿಟ್ಟಿದ್ದಾರೆ. ಕತ್ತರಿಸಿದ ಕೈಗೆ ತೂತು ಕಂಡಿದೆ. ಮುಚ್ಚಬೇಕು ಅಂತ ಮಾತ್ರ ಅನಿಸಿಲ್ಲ.

ರಾತ್ರಿ ಬಾನೆಟ್ ಒಳಗೆ ಟಾರ್ಚ್ ಹಚ್ಚಿಟ್ಟು, ಮ್ಯಾಟ್ ತೆಗೆದು, ಕ್ಯಾಬಿನ್ ಒಳಗೆ ಕತ್ತಲಲ್ಲಿ ಬಗ್ಗಿ ನೋಡಿ. ಎಲ್ಲೆಲ್ಲಿ ಬೆಳಕು ಬರುತ್ತದೋ ಅಲ್ಲೆಲ್ಲ ಸದ್ದು ಬರುತ್ತದೆ. ಬಿಸಿಯೂ ಬರುತ್ತದೆ, ಹೊಗೆಯೂ ಬರುತ್ತದೆ. ಇದಕ್ಕೆ ಖರ್ಚು ಶೂನ್ಯ. ಬಾಗಿಲಿನ ಬೀಡಿಂಗಿಗೆ, ಅಂದರೆ ಅಂಚಿನ ರಬ್ಬರ್ ಪಟ್ಟಿಗೆ, ಇನ್ನೂ ಸುಲಭ. ಒಂದು ಕಾಗದ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿ ಇಲ್ಲದೆ ಜಾರಿ ಬಂದರೆ ಬೀಡಿಂಗ್ ಮುಗಿದಿದೆ.

ನಡುಕದ ಮೂಲ ಹುಡುಕುವುದಕ್ಕೂ ದೊಡ್ಡ ಯಂತ್ರ ಬೇಡ. ನಿಂತಲ್ಲೇ ರೇಸ್ ಕೊಟ್ಟಾಗ ನಡುಗಿದರೆ ಇಂಜಿನ್ ಕಡೆ ನೋಡಿ. ಮೌಂಟಿಂಗ್, ಸೈಲೆನ್ಸರ್, ಇಲ್ಲ ಅಂದರೆ ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ) ಕೈಕೊಟ್ಟು ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ನಿಂತಾಗ ಸುಮ್ಮನಿದ್ದು, ಓಡುವಾಗ ಒಂದು ವೇಗಕ್ಕೆ ಬಂದ ಕೂಡಲೇ ಶುರುವಾಗಿ, ಗೇರ್ ಬದಲಿಸಿದರೂ ಅದೇ ವೇಗಕ್ಕೆ ನಡುಗಿದರೆ ಚಕ್ರದ ಬ್ಯಾಲೆನ್ಸ್ ಅಥವಾ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ತಿರುವು ಒಯ್ಯುವ ಉದ್ದ ರಾಡಿನ) ಕ್ರಾಸ್, ಸೆಂಟರ್ ಬೇರಿಂಗ್. ಇದನ್ನು ನೋಡಲು ಕುಮಟಾದಿಂದ ಅಂಕೋಲೆ ಕಡೆಗೆ ಹೆದ್ದಾರಿ 66ರ ನೇರ ರಸ್ತೆ ಒಳ್ಳೆಯದು. ಘಾಟಿಯಲ್ಲಿ ನ್ಯೂಟ್ರಲ್ ಮಾಡಿ ಪರೀಕ್ಷೆ ಮಾಡಲು ಹೋಗಬೇಡಿ ಮಾರಾಯ್ರೆ. ಡೀಸೆಲ್ ಉಳಿಸಲು ದೇವಿಮನೆ ಇಳಿಜಾರಿನಲ್ಲಿ ನ್ಯೂಟ್ರಲ್ ಬಿಡುವ ಶೂರರು ಈಗಲೂ ಇದ್ದಾರೆ. ಅವರಿಗೆ ಬೇರೆಯೇ ಒಂದು ಪೋಸ್ಟ್ ಬರೆಯಬೇಕು.

ಖಾಲಿ ಗಾಡಿಯ ಲಟಲಟಕ್ಕೆ ಕಾರಣ ಬಹಳ ಸಲ ಹಿಂದಿನ ಬಾಗಿಲಿನ ಸರಪಳಿ. ಹಳೇ ಸೈಕಲ್ ಟ್ಯೂಬ್ ತೊಡಿಸಿ, ಮುಗಿಯಿತು.

ಇನ್ನು ಮಳೆ. ಈ ಶೀಟಿನ ಜನ ನಮ್ಮ ಊರಿನ ಮಳೆ ನೋಡಿಲ್ಲವೋ ಏನೋ! ಕಾಲಡಿಗೆ ದಪ್ಪ ಸ್ಪಂಜಿನಂಥ ಫೋಮ್, ಅದರ ಮೇಲೆ ಕಾರ್ಪೆಟ್ ಹಾಸಿ ಕೊಡುತ್ತಾರೆ. ಜೂನ್‌ನಲ್ಲಿ ಒದ್ದೆ ಚಪ್ಪಲಿ ಇಟ್ಟರೆ ಅದು ಒಣಗುವುದು ದೀಪಾವಳಿಗೆ. ಸಾಣಿಕಟ್ಟೆಯಿಂದ ಉಪ್ಪು ತರುವವರು, ಕುಮಟಾದಿಂದ ಮೀನಿನ ಪೆಟ್ಟಿಗೆ ಏರಿಸುವವರು ಚಪ್ಪಲಿಯಲ್ಲೇ ಉಪ್ಪುನೀರು ತರುತ್ತಾರೆ. ಕಾರ್ಪೆಟ್ ಕೆಳಗೆ ತಗಡು ಸದ್ದಿಲ್ಲದೆ ಕೊಳೆಯುತ್ತದೆ. ಆ ಒಂದು ವಿಷಯದಲ್ಲಿ ಮಾತ್ರ ಸದ್ದು ಕಡಿಮೆಯಾಯಿತು ಅನ್ನಬಹುದು. ನೆಲಕ್ಕೆ ನೀರು ಕುಡಿಯದ ಮುಚ್ಚಿದ ಕಣದ ಫೋಮ್, ಅದರ ಮೇಲೆ ತೂಕದ ರಬ್ಬರ್ ಮ್ಯಾಟ್ ಸಾಕು. ತೆಗೆದು ತೊಳೆಯುವಂತಿರಬೇಕು. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಇರುವ ಸಣ್ಣ ತೂತುಗಳನ್ನು ದಯವಿಟ್ಟು ಮುಚ್ಚಬೇಡಿ. ಮುಚ್ಚಬೇಕಾದ್ದು ಬಿಟ್ಟು ಮುಚ್ಚಬಾರದ್ದನ್ನು ಮುಚ್ಚುವುದರಲ್ಲಿ ಕೆಲವರಿಗೆ ಎಲ್ಲಿಲ್ಲದ ಉತ್ಸಾಹ.

ಈಗ ಹಿರಿಯ ಡ್ರೈವರ್‌ಗಳು ಬರುತ್ತಾರೆ. "ತಮ್ಮಾ, ಇಂಜಿನ್ ಸದ್ದು ಕೇಳಬೇಕು. ಕೇಳದಿದ್ದರೆ ಗಾಡಿಗೆ ಏನಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?" ಒಪ್ಪುತ್ತೇನೆ, ಅರ್ಧ. ಆದರೆ ಇಡೀ ಕ್ಯಾಬಿನ್ ಗಡಗಡ ಅನ್ನುವಾಗ ನಿಮಗೆ ಕೇಳುವುದು ಆ ಗಡಗಡ ಒಂದೇ. ನನ್ನ ಗಾಡಿಯ ಮೌಂಟಿಂಗ್ ಬದಲಿಸಿ ತೂತು ಮುಚ್ಚಿದ ಮೇಲೇ ಎದುರಿನ ಚಕ್ರದ ಬೇರಿಂಗ್ ಊಳಿಡುವುದು ಕೇಳಿಸಿದ್ದು. ಮೊದಲು ಅದೆಷ್ಟು ಕಾಲದಿಂದ ಊಳಿಡುತ್ತಿತ್ತೋ ದೇವರಿಗೇ ಗೊತ್ತು. ಇನ್ನೊಂದು ವಾದ, "ಗೂಡ್ಸ್ ಗಾಡಿ ಅಂದ ಮೇಲೆ ಸದ್ದು ಇದ್ದದ್ದೇ". ಇದನ್ನು ಹೇಳುವವರು ಯಾವಾಗಲೂ ಕಾರಿನಲ್ಲಿ ಬಂದಿರುತ್ತಾರೆ, ಗಮನಿಸಿ. ಡೀಸೆಲ್ ಅಂದರೆ ಸ್ವಲ್ಪ ಕಟಕಟ ಇದ್ದದ್ದೇ, ಸರಿ. ಕಾಮನ್ ರೈಲ್ (ಡೀಸೆಲ್ ಬಿಡುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಪದ್ಧತಿ) ಬಂದ ಮೇಲೆ ಮೊದಲು ಚೂರು ಡೀಸೆಲ್ ಬಿಟ್ಟು, ಆಮೇಲೆ ಉಳಿದದ್ದನ್ನು ಬಿಡುವುದರಿಂದ ಅದೂ ಎಷ್ಟೋ ಕಡಿಮೆಯಾಗಿದೆ. ಹರಿದ ರಬ್ಬರಿನ ಸದ್ದು ಡೀಸೆಲ್ಲಿನ ಸದ್ದಲ್ಲ, ಸೋಮಾರಿತನದ ಸದ್ದು.

ನಮ್ಮ ಕಾರ್ಖಾನೆಗಳ ನಿಯಮದಲ್ಲಿ 8 ಗಂಟೆಗೆ 90 ಡೆಸಿಬೆಲ್ ಮಿತಿ. ಕೆಲಸಗಾರರ ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆ ಇನ್ನೂ ಕೆಳಗೆ, 85 ಅನ್ನುತ್ತದೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ ಮಾಡಿ ಅನ್ನುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಸೀಸನ್ನಿನಲ್ಲಿ ನಮ್ಮ ಹುಡುಗರು ಬೆಳಗಿನಿಂದ ರಾತ್ರಿವರೆಗೆ ಸ್ಟೀರಿಂಗ್ ಹಿಂದೆ ಇರುತ್ತಾರೆ. ಸದ್ದು ಜಾಸ್ತಿ ಅಂತ ಅದರ ಮೇಲೆ ಸ್ಪೀಕರ್ ಜೋರು. ಒಳಗಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ಕೂದಲಿನ ಜೀವಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಇದನ್ನು ಬರೀ ಓದಿ ತಿಳಿದದ್ದಲ್ಲ. ರಾತ್ರಿ ಮಲಗಿದಾಗ ನನ್ನ ಬಲಗಿವಿಯಲ್ಲಿ, ಕಿಟಕಿ ಪಕ್ಕದ ಕಿವಿಯಲ್ಲಿ, ಕೀಂ ಅನ್ನುತ್ತದೆ. ಮಗಳು ಆ ಬದಿಯಿಂದ ಮೆಲ್ಲಗೆ ಕರೆದರೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಹೇಳಿರಲಿಲ್ಲ. ಈಗ ಹೇಳಿದ ಹಾಗಾಯಿತು, ಏನು ಮಾಡುವುದು.

ಅದಕ್ಕೇ ಬೆಳ್ಳಿ ಹಾಳೆ ನೋಡಿದರೆ ಇಷ್ಟು ಉರಿಯುತ್ತದೆ. ಗಾಡಿಯ ಮಾಲೀಕರೇ ಬೇರೆ, ಓಡಿಸುವವರೇ ಬೇರೆ ಆದ ಕಡೆ ಇನ್ನೂ ಕಷ್ಟ. ಮಾಲೀಕರಿಗೆ ಹೊಳೆಯುವುದು ಕಾಣುತ್ತದೆ, ದುಡ್ಡು ಕೊಡುತ್ತಾರೆ. ಡ್ರೈವರ್ "ಮೌಂಟಿಂಗ್ ಹೋಗಿದೆ" ಅಂದರೆ "ಓಡ್ತಾ ಉಂಟಲ್ಲ" ಅನ್ನುತ್ತಾರೆ. ಓಡುತ್ತದೆ ಸ್ವಾಮಿ. ಎತ್ತೂ ಓಡುತ್ತಿತ್ತು.

ಭಾವನ ಗಾಡಿಗೆ ಎರಡೂ ಬದಿಯ ರಬ್ಬರ್ ಹುಬ್ಬಳ್ಳಿಯಿಂದ ತರಿಸಲು ಹೇಳಿಯಾಗಿದೆ. ಆಯಿಲ್ ಸೋರುವುದನ್ನು ಮೊದಲು ನಿಲ್ಲಿಸಬೇಕು, ಇಲ್ಲದಿದ್ದರೆ ಹೊಸ ರಬ್ಬರಿಗೂ ಅದೇ ಗತಿ. ಈಗ ಬೇಕಾಗಿರುವುದು ಗ್ರಾಮೆಟ್. ಶಿರಸಿಯಲ್ಲಿ ಕೇಳಿದ ಕಡೆಯಲ್ಲೆಲ್ಲ "ಅದನ್ನು ಯಾರು ಹಾಕ್ತಾರೆ" ಅಂತ ನಗುತ್ತಾರೆ. ಬೇರೆ ಬೇರೆ ಅಳತೆಯ ಗ್ರಾಮೆಟ್ ಬಿಡಿಯಾಗಿ ಸಿಗುವ ಅಂಗಡಿ ಶಿರಸಿ, ಕುಮಟಾ, ಕಾರವಾರ ಎಲ್ಲಾದರೂ ಗೊತ್ತಿದ್ದವರು ಕೆಳಗೆ ಬರೆಯಿರಿ. ಶೀಟ್ ಮಾರುವವರು ಇನ್‌ಬಾಕ್ಸಿಗೆ ಬರಬೇಡಿ.