ಸತ್ಯಾಂಶ: ಸ್ಕಿಜೋಫ್ರೇನಿಯಾ ಅಂದರೆ 'ಟೂ-ಫೇಸ್' ಅಲ್ಲ

ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಖಳ ಟೂ-ಫೇಸ್‌ನ ಚಿತ್ರ ಹಾಕಿ, "ಸ್ಕಿಜೋಫ್ರೇನಿಯಾ ಅಂದರೆ ಇದೇ, ಒಬ್ಬರೊಳಗೆ ಇಬ್ಬರು" ಎನ್ನುವ ಫಾರ್ವರ್ಡ್ ಓಡಾಡುತ್ತಿರುತ್ತದೆ. ಅದು ತಪ್ಪು.

ಗೊಂದಲ ಶುರುವಾಗಿದ್ದು ಈ ಮಾನಸಿಕ ಕಾಯಿಲೆಯ ಹೆಸರಿನಿಂದಲೇ. 1908ರಲ್ಲಿ ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಗ್ರೀಕ್‌ನ 'ಸೀಳು', 'ಮನಸ್ಸು' ಎಂಬ ಪದಗಳನ್ನು ಸೇರಿಸಿ ಈ ಹೆಸರಿಟ್ಟರು. ಅವರು ಹೇಳಿದ್ದು ಯೋಚನೆ, ಭಾವನೆಗಳ ನಡುವಿನ ಕೊಂಡಿ ಕಳಚುವುದನ್ನು. ಜನ ಅರ್ಥ ಮಾಡಿಕೊಂಡಿದ್ದೇ ಬೇರೆ! ಈ ಕಾಯಿಲೆಯಲ್ಲಿ ಇಲ್ಲದ ದನಿ ಕೇಳಿಸಬಹುದು, ಆಧಾರವಿಲ್ಲದ ಅನುಮಾನ ಗಟ್ಟಿಯಾಗಿ ಕೂರಬಹುದು, ಮಾತು ಚದುರಬಹುದು. ಮನುಷ್ಯ ಮಾತ್ರ ಒಬ್ಬರೇ.

ಒಬ್ಬರಲ್ಲೇ ಹಲವು ವ್ಯಕ್ತಿತ್ವ ಕಾಣುವ ಕಾಯಿಲೆಯ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ಮೂನ್ ನೈಟ್‌ಗೆ ಇರುವುದು ಇದೇ. 1975ರಲ್ಲಿ ಬಂದ ಈ ಪಾತ್ರದ ಬೇರೆ ಬೇರೆ ಹೆಸರುಗಳು ಮೊದಲಿಗೆ ಸುಮ್ನೆ ವೇಷಗಳಾಗಿದ್ದವು. ಅದನ್ನು ಕಾಯಿಲೆ ಎಂದು ತೋರಿಸಿದ್ದು ಆಮೇಲೆ.

ಟೂ-ಫೇಸ್ ಇನ್ನೂ ಹಳಬ, 1942ರವನು. ನಾಣ್ಯ ಚಿಮ್ಮಿಸಿ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಯಾವ ಕಾಯಿಲೆಯ ಲಕ್ಷಣವೂ ಅಲ್ಲ, ಕಥೆಗಾರರ ಜಾಣತನ. (ನನಗೂ ಇಷ್ಟವೇ.) ಆದರೆ ಖಳರನ್ನೆಲ್ಲ ಆರ್ಕಮ್ ಎಂಬ ಮಾನಸಿಕ ಆಸ್ಪತ್ರೆಗೆ ತುಂಬುವುದನ್ನು ನೋಡಿದರೆ, ರೋಗಿಗಳೆಲ್ಲ ಅಪಾಯಕಾರಿ ಅನ್ನಿಸಿಬಿಡುತ್ತದೆ ಅಲ್ವಾ? ಸ್ಕಿಜೋಫ್ರೇನಿಯಾ ಇರುವ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ. ಅವರೇ ಹಿಂಸೆಗೆ ಗುರಿಯಾಗುವುದು ಜಾಸ್ತಿ.